ಮಲೆನಾಡಿನ ಮನೆಯಲ್ಲಿ ಹವಾನಿಯಂತ್ರಕ

ಮಲೆನಾಡಿಗೆ ತಂಪು ಮಾಡುವ ಯಂತ್ರವೇಕೆಂದು ಬಯಲುಸೀಮೆಯವರು ನಗುವುದುಂಟು. ಅವರ ನಗೆಗೆ ಕಾರಣವೂ ಇಲ್ಲದಿಲ್ಲ. ಚಿಕ್ಕಮಗಳೂರು ಪಟ್ಟಣವು ಸಮುದ್ರಮಟ್ಟದಿಂದ ಒಂದು ಸಾವಿರ ಮೀಟರಿಗಿಂತ ಮೇಲಿದೆ. ಮೂಡಿಗೆರೆಯೂ ಹೆಚ್ಚುಕಡಮೆ ಅಷ್ಟೇ ಎತ್ತರದ್ದು. ಭದ್ರಾ ನದಿಯ ದಡದ ಕಳಸವು ಅವೆರಡಕ್ಕಿಂತ ತಗ್ಗಿನಲ್ಲಿದ್ದರೂ ಸುತ್ತಲೂ ಕಾಡುಬೆಟ್ಟಗಳಿಂದ ಆವೃತವಾಗಿದೆ. ಕಾಫಿ ಗಿಡಕ್ಕೆ ಹಿತವಾದ ಹವೆ ಮನುಷ್ಯನಿಗೂ ಹಿತವಾದುದೇ. ಆದರೂ ಇತ್ತೀಚಿನ ವರ್ಷಗಳಲ್ಲಿ ಈ ಊರುಗಳ ಹೊಸ ಮನೆಗಳಲ್ಲಿಯೂ, ತೋಟಗಳ ನಡುವಣ ಅತಿಥಿಗೃಹಗಳಲ್ಲಿಯೂ ಜನರು ಏಸಿ ಎಂದು ಕರೆಯುವ ಹವಾನಿಯಂತ್ರಕಗಳು ಕಾಣಿಸಿಕೊಳ್ಳುತ್ತಿವೆ. ಹೂಮಳೆಗೆ ಮುಂಚಿನ ಬೇಗೆಯ ದಿನಗಳಲ್ಲಿ ಅವು ತಕ್ಕಮಟ್ಟಿಗೆ ಕೆಲಸ ಮಾಡುತ್ತವೆ. ಜೂನ್ ತಿಂಗಳು ಬಂದು ಮಳೆ ಹಿಡಿಯಿತೆಂದರೆ ದೂರುಗಳೂ ಆರಂಭವಾಗುತ್ತವೆ. ಗಾಳಿ ಬರುತ್ತದೆ, ತಂಪು ಬರುವುದಿಲ್ಲ ಎಂದು ಒಬ್ಬರು. ಗೋಡೆಯ ಮೇಲೆ ನೀರು ಸೋರುತ್ತದೆ ಎಂದು ಇನ್ನೊಬ್ಬರು. ಮುಗ್ಗಲು ವಾಸನೆ ಎಂದು ಮತ್ತೊಬ್ಬರು. ಯಂತ್ರದ 'ಗ್ಯಾಸು ಮುಗಿದಿದೆ' ಎಂಬ ತೀರ್ಮಾನವಂತೂ ಎಲ್ಲ ರೋಗಗಳಿಗೂ ಹೇಳುವ ಒಂದೇ ಹೆಸರಾಗಿಬಿಟ್ಟಿದೆ.

ಇವುಗಳಲ್ಲಿ ಬಹುಪಾಲು ಯಂತ್ರದ ದೋಷಗಳೇ ಅಲ್ಲ. ನಮ್ಮ ಮಲೆನಾಡಿನ ಗಾಳಿಯ ಗುಣಗಳು. ಇಲ್ಲಿ ಹವಾನಿಯಂತ್ರಕವು ಹೋರಾಡಬೇಕಾದುದು ಮುಖ್ಯವಾಗಿ ಸೆಕೆಯೊಡನೆ ಅಲ್ಲ, ತೇವದೊಡನೆ. ಇದನ್ನು ಅರಿತವರಿಗೆ ಯಂತ್ರವನ್ನು ನಡೆಸುವ ಬಗೆಯೂ, ಅದು ಕೆಟ್ಟಾಗ ಎಲ್ಲಿ ನೋಡಬೇಕೆಂಬುದೂ ತಾನಾಗಿಯೇ ತಿಳಿಯುವುದು.

ಮೊದಲು ಒಂದು ಲೆಕ್ಕವನ್ನು ಮಾಡೋಣ. ಒಂದು ಘನ ಮೀಟರ್ ಅವಕಾಶದಲ್ಲಿ ೩೦ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಹೆಚ್ಚೆಂದರೆ ಸುಮಾರು ೩೦ ಗ್ರಾಂ ನೀರಾವಿ ಇರಬಲ್ಲುದು. ೨೨ ಡಿಗ್ರಿಯಲ್ಲಿ ಸುಮಾರು ೧೯ ಗ್ರಾಂ. ೧೦ ಡಿಗ್ರಿಯಲ್ಲಿ ಒಂಬತ್ತೂವರೆ ಗ್ರಾಂ ಮಾತ್ರ. ಗಾಳಿಯಲ್ಲಿ ವಾಸ್ತವವಾಗಿ ಇರುವ ಆವಿಯು ಈ ಗರಿಷ್ಠ ಪ್ರಮಾಣದಲ್ಲಿ ನೂರಕ್ಕೆ ಎಷ್ಟು ಎಂಬುದನ್ನು ಸಾಪೇಕ್ಷ ಆರ್ದ್ರತೆ ಎನ್ನುತ್ತೇವೆ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಉಷ್ಣತೆ ೩೦ ಡಿಗ್ರಿ, ಆರ್ದ್ರತೆ ನೂರಕ್ಕೆ ೫೦ ಇದೆಯೆಂದು ಭಾವಿಸಿರಿ. ಆಗ ಘನ ಮೀಟರಿಗೆ ೧೫ ಗ್ರಾಂ ಆವಿ ಇದ್ದಂತಾಯಿತು. ಜುಲೈ ತಿಂಗಳ ಜಡಿಮಳೆಯ ಒಂದು ದಿನ ಉಷ್ಣತೆ ೨೨ ಡಿಗ್ರಿ, ಆರ್ದ್ರತೆ ೯೫ ಎಂದಿಟ್ಟುಕೊಳ್ಳಿರಿ. ಈಗ ಆವಿ ೧೮ ಗ್ರಾಮಿಗಿಂತಲೂ ಹೆಚ್ಚು! ಬೆವರಿಳಿಸುವ ಏಪ್ರಿಲಿನ ಗಾಳಿಗಿಂತ ಕಂಬಳಿ ಹೊದೆಯಿಸುವ ಜುಲೈ ತಿಂಗಳ ಗಾಳಿಯಲ್ಲಿಯೇ ನೀರು ಅಧಿಕ. ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೋಣೆಯಲ್ಲಿ ೪೮ ಘನ ಮೀಟರ್ ಗಾಳಿ ಇರುವುದಷ್ಟೆ. ಆ ಮಳೆಗಾಲದ ದಿನ ಅದರಲ್ಲಿ ಕಣ್ಣಿಗೆ ಕಾಣದಂತೆ ಸುಮಾರು ೮೮೦ ಗ್ರಾಂ ನೀರು, ಎಂದರೆ ಒಂದು ಲೀಟರಿಗೆ ಸ್ವಲ್ಪವೇ ಕಡಮೆ, ತೇಲುತ್ತಿರುತ್ತದೆ.

ಈ ನೀರಿನ ಲೀಲೆಗಳನ್ನು ಮಲೆನಾಡಿನವರಿಗೆ ನಾವು ವರ್ಣಿಸಬೇಕಾಗಿಲ್ಲ. ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ; ಪೆಟ್ಟಿಗೆಯೊಳಗಿನ ರೇಷ್ಮೆ ಸೀರೆಗೂ, ಪುಸ್ತಕದ ಬೆನ್ನಿಗೂ ಬೂಷ್ಟು ಹಿಡಿಯುತ್ತದೆ; ಒಣಗಿಸಿ ಚೀಲದಲ್ಲಿಟ್ಟ ಕಾಫಿಯು ಮತ್ತೆ ತೇವವನ್ನು ಹೀರುತ್ತದೆ. ಉಪ್ಪಿನ ಭರಣಿಯಲ್ಲಿ ನೀರು ನಿಲ್ಲುವುದನ್ನು ಎಲ್ಲರೂ ಕಂಡಿದ್ದೇವೆ. ಶುದ್ಧವಾದ ಉಪ್ಪು ಸಾಪೇಕ್ಷ ಆರ್ದ್ರತೆಯು ಸುಮಾರು ೭೫ನ್ನು ಮೀರಿದಾಗ ಗಾಳಿಯ ನೀರನ್ನು ಹೀರಿ ತಾನೇ ಕರಗತೊಡಗುತ್ತದೆ. ಆದುದರಿಂದ ಉಪ್ಪಿನ ಭರಣಿಯು ಅಡಿಗೆಮನೆಯಲ್ಲಿರುವ ಒಂದು ಆರ್ದ್ರತಾಮಾಪಕವೆಂದರೆ ತಪ್ಪಾಗದು. ಆರ್ದ್ರತೆ ೮೦ರ ಮೇಲೆ ಹಲವು ದಿನ ನಿಂತರೆ ಬೂಷ್ಟಿಗೆ ಸುಗ್ಗಿ; ೬೦ರ ಸುಮಾರಿಗೆ ಇಳಿಸಿದರೆ ಅದು ಬೆಳೆಯಲಾರದು.

ಹವಾನಿಯಂತ್ರಕದ ಜನನವೂ ತೇವದ ಉಪದ್ರವದಿಂದಲೇ ಆಯಿತೆಂಬುದು ಅನೇಕರಿಗೆ ತಿಳಿಯದ ಸಂಗತಿ. ೧೯೦೨ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿದ್ದ ಒಂದು ಮುದ್ರಣಾಲಯದಲ್ಲಿ ಬಣ್ಣದ ಚಿತ್ರಗಳನ್ನು ಅಚ್ಚುಮಾಡುತ್ತಿದ್ದರು. ಒಂದು ಬಣ್ಣವಾದ ಮೇಲೆ ಇನ್ನೊಂದು ಬಣ್ಣವನ್ನು ಒತ್ತುವಷ್ಟರಲ್ಲಿ ಕಾಗದವು ತೇವಕ್ಕೆ ಹಿಗ್ಗಿಯೋ ಕುಗ್ಗಿಯೋ ಬಣ್ಣಗಳು ಒಂದರ ಮೇಲೊಂದು ಕೂಡುತ್ತಿರಲಿಲ್ಲ. ಇದಕ್ಕೆ ಪರಿಹಾರವನ್ನು ಯೋಜಿಸಿದವನು ಇಪ್ಪತ್ತೈದು ವರ್ಷದ ತರುಣ ಎಂಜಿನಿಯರ್ ವಿಲಿಸ್ ಕ್ಯಾರಿಯರ್. ತಣ್ಣನೆಯ ನೀರು ಹರಿಯುವ ಸುರುಳಿಗಳ ಮೇಲೆ ಗಾಳಿಯನ್ನು ಹಾಯಿಸಿ ಅದರಲ್ಲಿನ ನೀರನ್ನು ಇಳಿಸುವುದೇ ಅವನ ಉಪಾಯ. ಅದೇ ವರ್ಷ ಪಿಟ್ಸ್‌ಬರ್ಗಿನ ರೈಲುನಿಲ್ದಾಣದಲ್ಲಿ ದಟ್ಟವಾದ ಮಂಜನ್ನು ನೋಡುತ್ತಾ ನಿಂತಿದ್ದಾಗ, ಮಂಜೆಂದರೆ ಆವಿಯಿಂದ ಸಂತೃಪ್ತವಾದ ಗಾಳಿ, ಅದರ ಉಷ್ಣತೆಯನ್ನು ನಿಯಂತ್ರಿಸಿದರೆ ಅದರಲ್ಲಿನ ನೀರನ್ನೂ ನಿಯಂತ್ರಿಸಬಹುದು ಎಂಬ ಭಾವನೆ ಅವನಿಗೆ ಹೊಳೆಯಿತೆಂದು ಹೇಳುತ್ತಾರೆ. ಮಂಜನ್ನು ನೋಡಲು ನಾವು ಪಿಟ್ಸ್‌ಬರ್ಗಿಗೆ ಹೋಗಬೇಕಾಗಿಲ್ಲ. ಕೊಟ್ಟಿಗೆಹಾರದ ಬಸ್ ನಿಲ್ದಾಣ ಸಾಕು.

ಇನ್ನು ಯಂತ್ರದ ಒಡಲನ್ನು ನೋಡೋಣ. ದ್ರವವು ಕುದಿಯುವ ಉಷ್ಣತೆಯು ಒತ್ತಡವನ್ನು ಅವಲಂಬಿಸಿದೆ ಎಂಬುದು ಇಡೀ ಯಂತ್ರಕ್ಕೆ ಆಧಾರವಾದ ತತ್ತ್ವ. ಇದಕ್ಕೆ ನಿದರ್ಶನ ನಮ್ಮ ಮನೆಯಲ್ಲಿಯೇ ಇದೆ. ಮಂಗಳೂರಿನಲ್ಲಿ ನೀರು ೧೦೦ ಡಿಗ್ರಿಯಲ್ಲಿ ಕುದಿದರೆ, ಗಾಳಿಯ ಒತ್ತಡ ಕಡಮೆಯಾದ ಚಿಕ್ಕಮಗಳೂರಿನಲ್ಲಿ ೯೬ಕ್ಕೂ ೯೭ಕ್ಕೂ ನಡುವೆ ಕುದಿಯುತ್ತದೆ. ಹವಾನಿಯಂತ್ರಕದಲ್ಲಿ ನೀರಿನ ಬದಲು ಅತಿ ಸುಲಭವಾಗಿ ಕುದಿಯುವ ಒಂದು ಶೀತಕ ವಸ್ತುವಿರುತ್ತದೆ. ಇಂದು ಬಹುವಾಗಿ ಬಳಕೆಯಲ್ಲಿರುವ ಆರ್-೩೨ ಎಂಬ ಶೀತಕವು ಸಾಧಾರಣ ವಾಯುಭಾರದಲ್ಲಿ ಸೊನ್ನೆಗಿಂತ ೫೨ ಡಿಗ್ರಿ ಕೆಳಗೇ ಕುದಿಯುವಂಥದು. ಕೋಣೆಯೊಳಗಿನ ಸುರುಳಿಯಲ್ಲಿ ಅದನ್ನು ಸುಮಾರು ಹತ್ತು ವಾಯುಭಾರಗಳ ಒತ್ತಡದಲ್ಲಿ ಇಟ್ಟರೆ ಏಳು ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. ಕುದಿಯಲು ಬೇಕಾದ ಗುಪ್ತೋಷ್ಣವನ್ನು ಕೋಣೆಯ ಗಾಳಿಯಿಂದ ಸೆಳೆಯುತ್ತದೆ. ಆವಿಯಾದ ಶೀತಕವನ್ನು ಸಂಪೀಡಕವು, ಎಂದರೆ ಕಂಪ್ರೆಸರ್, ಇಪ್ಪತ್ತೈದು ಮೂವತ್ತು ವಾಯುಭಾರಗಳ ಒತ್ತಡಕ್ಕೆ ಏರಿಸಿ ಮನೆಯ ಹೊರಗಿನ ಸುರುಳಿಗೆ ದೂಡುತ್ತದೆ. ಆ ಒತ್ತಡದಲ್ಲಿ ಅದು ನಲವತ್ತೈದು ಡಿಗ್ರಿಯ ಸುಮಾರಿನಲ್ಲಿಯೇ ದ್ರವವಾಗುವುದರಿಂದ ಹೊರಗಿನ ಗಾಳಿ ಬೆಚ್ಚಗಿದ್ದರೂ ತನ್ನ ಶಾಖವನ್ನು ಅದಕ್ಕೆ ಒಪ್ಪಿಸಿ ದ್ರವವಾಗುತ್ತದೆ; ಮುಂದೆ ಇಕ್ಕಟ್ಟಾದ ಒಂದು ದಾರಿಯಲ್ಲಿ ನುಸುಳಿ ಒತ್ತಡವನ್ನು ಕಳೆದುಕೊಂಡು ಮತ್ತೆ ಒಳಸುರುಳಿಗೆ ಬರುತ್ತದೆ. ಹೀಗೆ ಯಂತ್ರವು ತಂಪನ್ನು 'ತಯಾರಿಸುವುದಿಲ್ಲ'. ಒಳಗಿನ ಶಾಖವನ್ನು ಹೊತ್ತು ಹೊರಗೆ ಚೆಲ್ಲುತ್ತದೆ, ಅಷ್ಟೆ.

ಅಂಗಡಿಯವರು ಒಂದು ಟನ್, ಒಂದೂವರೆ ಟನ್ ಎನ್ನುವುದು ಯಂತ್ರದ ತೂಕವನ್ನಲ್ಲ. ಒಂದು ಅಮೆರಿಕನ್ ಟನ್, ಎಂದರೆ ೯೦೭ ಕಿಲೊಗ್ರಾಂ, ಮಂಜುಗಡ್ಡೆಯು ೨೪ ಗಂಟೆಗಳಲ್ಲಿ ಕರಗಲು ಹೀರುವ ಶಾಖದ ವೇಗವೇ ಒಂದು ಟನ್. ಗುಪ್ತೋಷ್ಣದ ಪಾಠವನ್ನು ಓದಿದ ವಿದ್ಯಾರ್ಥಿಯು ಅದು ಸುಮಾರು ೩.೫ ಕಿಲೊವ್ಯಾಟ್ ಆಗುವುದೆಂದು ತಾನೇ ಕಂಡುಕೊಳ್ಳಬಹುದು.

ಈಗ ಒಳಸುರುಳಿಯ ಬಳಿ ನಿಲ್ಲೋಣ. ಗಾಳಿಯನ್ನು ತಣಿಸುತ್ತಾ ಹೋದರೆ ಒಂದು ಉಷ್ಣತೆಯಲ್ಲಿ ಅದರಲ್ಲಿನ ಆವಿಯು ಸಂತೃಪ್ತವಾಗಿ ಇಬ್ಬನಿಯಾಗತೊಡಗುತ್ತದೆ. ಇದೇ ಇಬ್ಬನಿ ಬಿಂದು. ನಾವು ಹೇಳಿದ ಏಪ್ರಿಲಿನ ಗಾಳಿಗೆ ಅದು ಸುಮಾರು ೧೮ ಡಿಗ್ರಿ. ಜುಲೈ ತಿಂಗಳ ಗಾಳಿಗೆ ೨೧ ಡಿಗ್ರಿ. ಏಳೆಂಟು ಡಿಗ್ರಿಯ ಸುರುಳಿಯ ಮೇಲೆ ಎರಡೂ ಗಾಳಿಗಳು ನೀರಿಳಿಸಲೇಬೇಕು. ಒಂದು ಗ್ರಾಂ ಆವಿಯು ನೀರಾಗುವಾಗ ಸುಮಾರು ೨,೪೫೦ ಜೂಲ್ ಶಾಖವನ್ನು ಸುರುಳಿಗೆ ಬಿಟ್ಟುಕೊಡುತ್ತದೆ. ಯಂತ್ರದ ಶಕ್ತಿಯ ಒಂದು ಪಾಲು ಗಾಳಿಯನ್ನು ತಣಿಸುವುದಕ್ಕೂ, ಇನ್ನೊಂದು ಪಾಲು ಈ ನೀರನ್ನು ಇಳಿಸುವುದಕ್ಕೂ ಸಲ್ಲುವುದು. ತೇವ ಹೆಚ್ಚಿದಷ್ಟೂ ತಂಪಿನ ಪಾಲು ತಗ್ಗುತ್ತದೆ. ಮಲೆನಾಡಿನ ಎತ್ತರವೂ ತುಸು ಕೈಹಿಡಿದು ಎಳೆಯುತ್ತದೆ: ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ನೂರಕ್ಕೆ ಹತ್ತು ಹನ್ನೊಂದರಷ್ಟು ಕಡಮೆಯಾದುದರಿಂದ, ಫ್ಯಾನು ಅದೇ ವೇಗದಲ್ಲಿ ತಿರುಗಿದರೂ ಸಾಗಿಸುವ ಗಾಳಿಯ ದ್ರವ್ಯರಾಶಿ ಅಷ್ಟು ಕಡಮೆ.

ಬೇಸಗೆಯಲ್ಲಿ ಯಂತ್ರವನ್ನು ನಡೆಸುವ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಉಷ್ಣತೆಯನ್ನು ೨೪ ಡಿಗ್ರಿಗೆ ನಿಲ್ಲಿಸುವುದು ಲೇಸು; ನಮ್ಮ ದೇಶದಲ್ಲಿ ನಕ್ಷತ್ರ ಗುರುತಿನ ಯಂತ್ರಗಳು ೨೦೨೦ರ ಜನವರಿ ೧ರಿಂದ ಮೊದಲೇ ೨೪ಕ್ಕೆ ಹೊಂದಿಸಿಯೇ ಬರಬೇಕೆಂದು ನಿಯಮವಾಗಿದೆ. ಬೇಗ ತಂಪಾಗಲೆಂದು ೧೬ಕ್ಕೆ ಇಳಿಸುವ ಚಾಳಿಯಿಂದ ಹಳೆಯ ಬಗೆಯ, ಒಂದೇ ವೇಗದ ಸಂಪೀಡಕವಿರುವ ಯಂತ್ರದಲ್ಲಿ ಯಾವ ಲಾಭವೂ ಇಲ್ಲ. ಅದು ನಡೆದರೆ ಪೂರ್ಣ ವೇಗದಲ್ಲಿ ನಡೆಯುತ್ತದೆ, ಇಲ್ಲವೇ ನಿಲ್ಲುತ್ತದೆ. ೧೬ ಎಂದರೆ ಬೇಗ ಎಂದಲ್ಲ, ಬಹಳ ಹೊತ್ತು ಎಂದರ್ಥ. ಮೇಲಾಗಿ ನಮ್ಮ ಬೆಟ್ಟದೂರುಗಳಲ್ಲಿ ಬೇಸಗೆಯ ರಾತ್ರಿಯ ಗಾಳಿ ಬಹುಬೇಗ ತಂಪಾಗುವುದು. ರಾತ್ರಿ ಕಿಟಕಿ ತೆರೆದು, ಹಗಲು ಮುಚ್ಚಿ, ಬಿಸಿಲು ಬೀಳುವ ಗಾಜಿಗೆ ಹೊರಗಡೆಯಿಂದಲೇ ನೆರಳು ಕಟ್ಟಿದರೆ ಎಷ್ಟೋ ಮನೆಗಳಲ್ಲಿ ಯಂತ್ರವೇ ಬೇಕಾಗಲಾರದು. ತಾರಸಿಯ ಮನೆಗಳನ್ನು ಕಟ್ಟಿ ಹೆಂಚಿನ ಮಾಡನ್ನು ಬಿಟ್ಟುಕೊಟ್ಟವರು ಈ ಯಂತ್ರವನ್ನು ತಾವೇ ಕರೆದುಕೊಂಡರೆಂಬುದು ನಮ್ಮ ಅಭಿಪ್ರಾಯ.

ಮಳೆಗಾಲದ ಕಥೆ ಬೇರೆ. 'ಗಾಳಿ ಬರುತ್ತದೆ, ತಂಪು ಬರುವುದಿಲ್ಲ' ಎಂಬ ಜುಲೈ ತಿಂಗಳ ದೂರಿಗೆ ಉತ್ತರ ಹೇಳಲು ಉಷ್ಣಮಾಪಕವೊಂದೇ ಸಾಕು. ಕೋಣೆಯ ಉಷ್ಣತೆ ೨೨ ಇದ್ದು ಯಂತ್ರವನ್ನು ೨೪ಕ್ಕೆ ಹೊಂದಿಸಿದ್ದರೆ ಸಂಪೀಡಕವು ಹೊರಡುವುದೇ ಇಲ್ಲ. ಬರಿಯ ಫ್ಯಾನು ತಿರುಗುತ್ತದೆ. ಯಂತ್ರ ಕೆಟ್ಟಿಲ್ಲ, ತನಗೆ ಕೆಲಸವಿಲ್ಲವೆಂದು ಸುಮ್ಮನಿದೆ. ಆದರೆ ಮನೆಯವರಿಗೆ ಬೇಕಾದುದು ತಂಪಲ್ಲ, ತೇವದಿಂದ ಬಿಡುಗಡೆ. ಆದುದರಿಂದ ಅವರು ೧೮ಕ್ಕೆ ಇಳಿಸುತ್ತಾರೆ. ಈಗ ಯಂತ್ರವು ಹೊರಟು ನೀರನ್ನು ಇಳಿಸುತ್ತದೆ, ನಿಜ. ಅದರೊಡನೆ ಕೋಣೆಯೂ ಗೋಡೆಯೂ ತಣ್ಣಗಾಗುತ್ತವೆ. ಉಷ್ಣತೆ ತಗ್ಗಿದಂತೆ ಗಾಳಿಯ ಆವಿ ಹಿಡಿಯುವ ಶಕ್ತಿಯೂ ತಗ್ಗುವುದರಿಂದ ಸಾಪೇಕ್ಷ ಆರ್ದ್ರತೆ ನಾವು ನಿರೀಕ್ಷಿಸಿದಷ್ಟು ಇಳಿಯುವುದಿಲ್ಲ. ಇನ್ನೂ ಕೆಟ್ಟದೆಂದರೆ, ಯಾರಾದರೂ ಬಾಗಿಲು ತೆರೆದೊಡನೆ ೨೧ ಡಿಗ್ರಿಯ ಇಬ್ಬನಿ ಬಿಂದುವುಳ್ಳ ಹೊರಗಾಳಿ ಒಳನುಗ್ಗಿ ೧೮ ಡಿಗ್ರಿಯ ಗೋಡೆಗೂ ಕನ್ನಡಿಗೂ ತಾಗುತ್ತದೆ. ಗೋಡೆ ಬೆವರುತ್ತದೆ, ನಾಲ್ಕು ದಿನಗಳಲ್ಲಿ ಬೂಷ್ಟು ಕಾಣಿಸಿಕೊಳ್ಳುತ್ತದೆ. ಒಣಗಿಸಬೇಕೆಂದು ತಂದ ಯಂತ್ರವೇ ಮನೆಯನ್ನು ತೋಯಿಸಿದಂತಾಯಿತು.

ಯಂತ್ರದ ಕೈಗುಂಡಿಯಲ್ಲಿ 'ಡ್ರೈ' ಎಂಬ ಇನ್ನೊಂದು ವ್ಯವಸ್ಥೆಯಿದೆ. ಇದರಲ್ಲಿ ಫ್ಯಾನು ಮೆಲ್ಲಗೆ ತಿರುಗುತ್ತದೆ. ಗಾಳಿಯು ಸುರುಳಿಯ ಬಳಿ ಹೆಚ್ಚು ಹೊತ್ತು ತಂಗಿ ಹೆಚ್ಚು ತಣಿಯುವುದರಿಂದ, ತಂಪಿಗೆ ಹೋಲಿಸಿದರೆ ನೀರಿನ ಪಾಲು ಏರುತ್ತದೆ. ಚಿಕ್ಕಮಗಳೂರಿನ ಮೇ ತಿಂಗಳ ಕೊನೆಗೂ, ಮಳೆ ಬಿಡುವು ಕೊಟ್ಟ ಸೆಕೆಯ ದಿನಗಳಿಗೂ ಇದು ಯೋಗ್ಯವಾದುದು. ಕೋಣೆ ಇಪ್ಪತ್ತರ ಸಮೀಪಕ್ಕೆ ಇಳಿದಾಗ ಇದೂ ಸೋಲುತ್ತದೆ.

ಹಾಗಾದರೆ ಉಪಾಯವೇನು? ಯಂತ್ರವು ಹೊರಗೆ ಚೆಲ್ಲುವ ಶಾಖವನ್ನು ಒಳಗೇ ಚೆಲ್ಲಿದರೆ? ತೇವಹಾರಕ ಎಂಬ ಯಂತ್ರದಲ್ಲಿ ಮಾಡಿರುವುದು ಇದನ್ನೇ. ಅದರಲ್ಲಿ ತಣ್ಣನೆಯ ಸುರುಳಿ, ಬಿಸಿಯ ಸುರುಳಿ ಎರಡೂ ಒಂದೇ ಪೆಟ್ಟಿಗೆಯಲ್ಲಿ, ಒಂದರ ಹಿಂದೊಂದು. ಗಾಳಿಯು ಮೊದಲನೆಯದರಲ್ಲಿ ನೀರನ್ನು ಇಳಿಸಿ ಎರಡನೆಯದರಲ್ಲಿ ಬೆಚ್ಚಗಾಗಿ ಹೊರಬರುತ್ತದೆ. ನೀರೂ ಕಡಮೆ, ಉಷ್ಣತೆಯೂ ಹೆಚ್ಚು. ಎರಡು ಬಗೆಯಿಂದಲೂ ಸಾಪೇಕ್ಷ ಆರ್ದ್ರತೆ ಇಳಿಯುವುದು. ಕಳಸ ಮೂಡಿಗೆರೆಗಳ ಮಳೆಗಾಲಕ್ಕೆಂದೇ ಯಂತ್ರವನ್ನು ಕೊಳ್ಳುವವರು ಹವಾನಿಯಂತ್ರಕಕ್ಕಿಂತ ಮೊದಲು ಇದನ್ನು ಆಲೋಚಿಸಬೇಕು. ಶೀತಕದ ದಿಕ್ಕನ್ನು ತಿರುಗಿಸಿ ಕೋಣೆಯನ್ನು ಬೆಚ್ಚಗೆ ಮಾಡಬಲ್ಲ ಹವಾನಿಯಂತ್ರಕಗಳೂ ಉಂಟು. ಒಂದು ಪಾಲು ವಿದ್ಯುತ್ತಿಗೆ ಮೂರು ಪಾಲಿನಷ್ಟು ಶಾಖವನ್ನು ಅವು ಹೊರಗಿನಿಂದ ಒಳಗೆ ತರಬಲ್ಲುವಾದುದರಿಂದ ವಿದ್ಯುತ್ ಕಾಯಿಸುಕಗಳಿಗಿಂತ ಮೇಲು.

ನಮ್ಮ ಹಿರಿಯರು ಈ ಎರಡನೆಯ ದಾರಿಯನ್ನು ಎಂದೋ ಹಿಡಿದಿದ್ದರು. ಒಲೆಯ ಮೇಲಿನ ಅಟ್ಟದಲ್ಲಿ ಅಡಕೆ ಮೆಣಸುಗಳನ್ನಿಟ್ಟು, ಬಚ್ಚಲ ಒಲೆಯ ಬಳಿ ಬಟ್ಟೆಗಳನ್ನು ಹರವಿ ಅವರು ಮಳೆಗಾಲವನ್ನು ಕಳೆದರು. ೨೨ ಡಿಗ್ರಿಯಲ್ಲಿ ಆರ್ದ್ರತೆ ೯೫ ಇರುವ ಗಾಳಿಯನ್ನು ೨೮ ಡಿಗ್ರಿಗೆ ಕಾಯಿಸಿದರೆ, ಒಂದು ಹನಿ ನೀರನ್ನೂ ತೆಗೆಯದೆಯೇ ಅದರ ಸಾಪೇಕ್ಷ ಆರ್ದ್ರತೆ ಸುಮಾರು ೬೬ಕ್ಕೆ ಇಳಿಯುತ್ತದೆ. ಗಾಳಿಗೆ ಬಾಯಾರಿಕೆ ಹುಟ್ಟುತ್ತದೆ. ಹೆಂಚಿನ ಸಂದುಗಳಿಂದ ಆ ಗಾಳಿಯು ನೀರನ್ನೂ ಹೊಗೆಯನ್ನೂ ಹೊತ್ತು ಹೊರಗೆ ಹೋಗುತ್ತಿತ್ತು. ಈ ಕಡೆಯ ಮಾತನ್ನು ವಾಚಕರು ಮನಸ್ಸಿನಲ್ಲಿಡಬೇಕು. ಇಂದು ಗೋಡೆಯ ಹವಾನಿಯಂತ್ರಕವಿರುವ ಕೋಣೆಯ ಕಿಟಕಿ ಬಾಗಿಲುಗಳನ್ನು ಸಂದಿಲ್ಲದಂತೆ ಮುಚ್ಚಿರುತ್ತಾರೆ. ಸಾಮಾನ್ಯವಾದ ಗೋಡೆಯ ಯಂತ್ರವು ಹೊರಗಿನಿಂದ ಹೊಸ ಗಾಳಿಯನ್ನು ತರುವುದಿಲ್ಲ; ಒಳಗಿರುವ ಗಾಳಿಯನ್ನೇ ತಿರುಗಿಸುತ್ತದೆ. ಅಂಥ ಕೋಣೆಯಲ್ಲಿ ಚಳಿಗೆಂದು ಇದ್ದಿಲಿನ ಅಗ್ಗಿಷ್ಟಿಕೆಯನ್ನು ಇಟ್ಟುಕೊಂಡು ಮಲಗುವುದು ಮೃತ್ಯುವಿಗೆ ಬಾಗಿಲು ತೆರೆದಂತೆ. ಅರೆಬೆಂದ ಇದ್ದಿಲಿನಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೊಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮಲಗಿದವನಿಗೆ ಎಚ್ಚರವೇ ಆಗುವುದಿಲ್ಲ. ಕರೆಂಟು ಹೋದಾಗ ಜಗಲಿಯಲ್ಲಿ ಜನರೇಟರ್ ಓಡಿಸುವವರಿಗೂ ಇದೇ ಎಚ್ಚರಿಕೆ. ಈ ಲೇಖನದಲ್ಲಿ ಉಳಿದುದೆಲ್ಲ ಮರೆತರೂ ಇದೊಂದು ನೆನಪಿರಲಿ ಎಂದು ಪ್ರಾರ್ಥಿಸುತ್ತೇವೆ.

ಯಂತ್ರದ ಕಾಯಿಲೆಗಳಿಗೆ ಬರೋಣ. ಒಳಗೆ ನೀರು ಸೋರುವುದು ಇಲ್ಲಿ ಅತಿ ಸಾಮಾನ್ಯ. ಸುರುಳಿಯಿಂದ ಇಳಿದ ನೀರು ಒಂದು ತಟ್ಟೆಯಲ್ಲಿ ಕೂಡಿ, ಇಳಿಜಾರಾದ ಕೊಳವೆಯಲ್ಲಿ ತನ್ನ ಭಾರದಿಂದಲೇ ಹೊರಗೆ ಹರಿಯಬೇಕು. ನಾವು ಲೆಕ್ಕಮಾಡಿದ ಕೋಣೆಯಲ್ಲಿ ಆರ್ದ್ರತೆಯನ್ನು ೯೫ರಿಂದ ೬೦ಕ್ಕೆ ಇಳಿಸಲು ಸುಮಾರು ೩೨೫ ಗ್ರಾಂ ನೀರು ತೆಗೆಯಬೇಕಷ್ಟೆ. ಸಂದುಗಳಿಂದ ಗಂಟೆಗೊಮ್ಮೆ ಕೋಣೆಯ ಗಾಳಿಯೆಲ್ಲ ಬದಲಾದರೆ ಪ್ರತಿ ಗಂಟೆಯೂ ಅಷ್ಟು ನೀರು ಹೊಸದಾಗಿ ಬರುವುದು. ಎಂಟು ಗಂಟೆಗಳ ರಾತ್ರಿಯಲ್ಲಿ ಎರಡೂವರೆ ಲೀಟರು. ಬಯಲುಸೀಮೆಯ ಒಣ ಊರಿನಲ್ಲಿ ಹೇಗೋ ಸಾಗಿದ ಓರೆಕೋರೆಯ ಕೊಳವೆ ಇಲ್ಲಿ ಸಾಗುವುದಿಲ್ಲ. ಧೂಳು ಬೂಷ್ಟುಗಳು ಸೇರಿದ ಲೋಳೆ ಕೊಳವೆಯಲ್ಲಿ ಕಟ್ಟಿಕೊಳ್ಳುತ್ತದೆ. ಕಣಜವು ಹೊರಗಿನ ಬಾಯಲ್ಲಿ ಮಣ್ಣಿನ ಗೂಡು ಕಟ್ಟುವುದೂ ಉಂಟು. ಕೊಳವೆಯ ತುದಿ ಮಳೆನೀರಿನಲ್ಲಿ ಮುಳುಗಿದ್ದರೂ ಗಾಳಿ ಸಿಕ್ಕಿಕೊಂಡು ಹರಿವು ನಿಲ್ಲುವುದು. ತಟ್ಟೆ ತುಂಬಿ ನೀರು ಗೋಡೆಗೆ ಇಳಿಯುತ್ತದೆ. ಆದುದರಿಂದ ಒಳಗೆ ಸೋರಿದೊಡನೆ ಮೊದಲು ಹೊರಗೆ ಹೋಗಿ ನೋಡಬೇಕು. ಅಲ್ಲಿ ನೀರು ತೊಟ್ಟಿಕ್ಕುತ್ತಿದ್ದರೆ ಕೊಳವೆ ತೆರೆದಿದೆ. ಯಂತ್ರದ ಹೊರಮೈ ಬೆವರುತ್ತಿರಬಹುದು, ಇಲ್ಲವೆ ಶೀತಕದ ಕೊಳವೆಗೆ ಸುತ್ತಿದ ಕವಚ ಹರಿದಿರಬಹುದು. ಹೊರಗೆ ಒಣಗಿದ್ದರೆ ಕೊಳವೆಯೇ ಕಟ್ಟಿದೆ.

ಮುಗ್ಗಲು ವಾಸನೆಯ ಮೂಲವೂ ಒದ್ದೆಯಾದ ಸುರುಳಿಯೇ. ರಾತ್ರಿಯೆಲ್ಲ ನಡೆದ ಯಂತ್ರವನ್ನು ಥಟ್ಟನೆ ನಿಲ್ಲಿಸಿದರೆ ತಗಡುಗಳ ನಡುವೆ ನಿಂತ ನೀರಿನಲ್ಲಿ ಬೂಷ್ಟು ಬೆಳೆಯುವುದು. ನಿಲ್ಲಿಸುವ ಮುನ್ನ ಕಾಲು ಗಂಟೆ ಬರಿಯ ಫ್ಯಾನನ್ನು ಓಡಿಸಿದರೆ ಸುರುಳಿ ಒಣಗುತ್ತದೆ. ಆ ನೀರು ಮತ್ತೆ ಆವಿಯಾಗಿ ಕೋಣೆಗೇ ಬರುವುದರಿಂದ ಆ ಹೊತ್ತಿನಲ್ಲಿ ಕಿಟಕಿ ತೆರೆದಿರಬೇಕು.

ಸುರುಳಿಯ ಮೇಲೆ ಮಂಜುಗಡ್ಡೆ ಕಟ್ಟುವುದು ಇನ್ನೊಂದು ವಿಚಿತ್ರ. ತಂಪು ಹೆಚ್ಚಾಗಿಯೇ ಮಂಜು ಕಟ್ಟಿತೆಂದು ಕೆಲವರು ಹಿಗ್ಗುತ್ತಾರೆ! ಗಾಳಿಯನ್ನು ಸೋಸುವ ಜಾಲರಿಯಲ್ಲಿ ಧೂಳು ತುಂಬಿದಾಗ ಸುರುಳಿಗೆ ಬರುವ ಗಾಳಿ ಕಡಮೆಯಾಗುತ್ತದೆ. ಶೀತಕಕ್ಕೆ ಕುದಿಯಲು ಬೇಕಾದಷ್ಟು ಶಾಖ ಸಿಕ್ಕುವುದಿಲ್ಲ. ಒತ್ತಡ ಇಳಿದು ಅದರ ಕುದಿಬಿಂದು ಸೊನ್ನೆಗಿಂತ ಕೆಳಕ್ಕೆ ಹೋಗುತ್ತದೆ. ಸುರುಳಿಯ ಮೇಲಿನ ನೀರು ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ಮಂಜು ಗಾಳಿಯನ್ನು ಇನ್ನಷ್ಟು ತಡೆದು ಸುರುಳಿಯನ್ನು ಇನ್ನಷ್ಟು ತಣಿಸುತ್ತದೆ. ಜಾಲರಿಯನ್ನು ತಿಂಗಳಿಗೆ ಎರಡು ಬಾರಿ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸುವವರ ಮನೆಗೆ ಈ ವ್ಯಾಧಿ ಬರುವುದು ವಿರಳ. ಬಂದರೆ ಸಂಪೀಡಕವನ್ನು ನಿಲ್ಲಿಸಿ ಫ್ಯಾನಿನಿಂದ ಮಂಜನ್ನು ಕರಗಿಸಬೇಕು, ಚಾಕುವಿನಿಂದ ಕೆರೆಯಲಾಗದು.

ಶುಭ್ರವಾದ ಜಾಲರಿಯಿದ್ದೂ ಮಂಜು ಕಟ್ಟಿದರೆ, ತಂಪೂ ತಗ್ಗಿದ್ದರೆ, ಶೀತಕ ಕಡಮೆಯಾಗಿರಬಹುದೆಂದು ಶಂಕಿಸಬೇಕು. ಇಲ್ಲಿ ಒಂದು ಮಾತನ್ನು ಒತ್ತಿಹೇಳುವುದು ಅಗತ್ಯ. ಶೀತಕವು ಪೆಟ್ರೋಲಿನಂತೆ ಉರಿದು ಮುಗಿಯುವುದಲ್ಲ. ಅದು ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಿರುವ ವಸ್ತು. ಯಂತ್ರದ ಆಯುಷ್ಯವಿಡೀ ಅಷ್ಟೇ ಇರಬೇಕು. ಕಡಮೆಯಾಗಿದ್ದರೆ ಎಲ್ಲಿಯೋ ರಂಧ್ರವಿದೆ ಎಂದೇ ಅರ್ಥ. ರಂಧ್ರವನ್ನು ಹುಡುಕಿ ಮುಚ್ಚದೆ ವರ್ಷವರ್ಷವೂ ತುಂಬಿಸುವುದು ತೂತು ಬಿದ್ದ ಕೊಡಕ್ಕೆ ನೀರು ಹೊತ್ತಂತೆ. 'ಗ್ಯಾಸು ಮುಗಿದಿದೆ' ಎಂದವರನ್ನು ಸೋರಿದ್ದು ಎಲ್ಲಿ ಎಂದು ಕೇಳುವ ಹಕ್ಕು ಮನೆಯವರಿಗಿದೆ. ಹೊರಗೆ ಸೋರಿದ ಶೀತಕದಿಂದ ಲೋಕಕ್ಕೂ ಹಾನಿ. ಓಜೋನ್ ಪದರವನ್ನು ಕೆಡಿಸುತ್ತಿದ್ದ ಹಳೆಯ ಶೀತಕಗಳನ್ನು ೧೯೮೭ರ ಮಾಂಟ್ರಿಯಲ್ ಒಪ್ಪಂದವು ಹಿಂದಕ್ಕೆ ಸರಿಸಿತು. ಆರ್-೩೨ ಓಜೋನಿಗೆ ನಿರಪಾಯಕಾರಿಯಾದರೂ ಭೂಮಿಯನ್ನು ಬಿಸಿಮಾಡುವುದರಲ್ಲಿ ನೂರು ವರ್ಷಗಳ ಲೆಕ್ಕದಂತೆ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು ೬೭೫ ಪಟ್ಟು ಬಲವುಳ್ಳದ್ದು. ಅದು ಅಲ್ಪಸ್ವಲ್ಪ ಹೊತ್ತಿಕೊಳ್ಳುವ ಗುಣದ್ದು; ಕೆಲವು ಯಂತ್ರಗಳಲ್ಲಿರುವ ಆರ್-೨೯೦ ಎಂದರೆ ಪ್ರೊಪೇನ್, ಧಾರಾಳವಾಗಿ ಉರಿಯುವ ಅನಿಲ. ಎರಡೂ ಗಾಳಿಗಿಂತ ಭಾರವಾಗಿ ನೆಲದ ಬಳಿ ನಿಲ್ಲುವ ವಸ್ತುಗಳಾದುದರಿಂದ ಸ್ಪಾನರ್ ಹಿಡಿಯುವ ಉತ್ಸಾಹವನ್ನು ವಿದ್ಯಾರ್ಥಿಗಳು ಇಲ್ಲಿ ಅಡಗಿಸಿಕೊಳ್ಳುವುದು ಒಳ್ಳೆಯದು. ಜಾಲರಿ ಮತ್ತು ನೀರಿನ ಕೊಳವೆ ನಮ್ಮವು. ಶೀತಕವೂ ವಿದ್ಯುತ್ ಪೆಟ್ಟಿಗೆಯೂ ಬಲ್ಲವರವು.

ವಿದ್ಯುತ್ತಿನ ವಿಷಯವನ್ನು ಹೇಳದೆ ಬಿಟ್ಟರೆ ತೋಟದ ಮನೆಯವರು ಒಪ್ಪಲಾರರು. ಕಾಡು ತೋಟಗಳ ನಡುವೆ ಬಹುದೂರ ಎಳೆದ ತಂತಿಯ ಕೊನೆಯ ಮನೆಗೆ ತಲಪುವಷ್ಟರಲ್ಲಿ ೨೩೦ ವೋಲ್ಟು ೧೮೦ಕ್ಕೆ ಇಳಿದಿರುವುದು ಅಪೂರ್ವವಲ್ಲ. ಸಂಪೀಡಕವನ್ನು ತಿರುಗಿಸುವ ಮೋಟಾರಿನ ತಿರುಚುಬಲವು ವೋಲ್ಟಿನ ವರ್ಗದಂತೆ ಬದಲಾಗುತ್ತದೆ. ೧೮೦ನ್ನು ೨೩೦ರಿಂದ ಭಾಗಿಸಿ ವರ್ಗಮಾಡಿದರೆ ೦.೬೧, ಎಂದರೆ ವೋಲ್ಟು ಐದರಲ್ಲೊಂದು ಪಾಲಿಗಿಂತ ತುಸು ಹೆಚ್ಚು ಇಳಿದರೆ ಬಲವು ಐದರಲ್ಲಿ ಎರಡು ಪಾಲು ಇಳಿಯುತ್ತದೆ. ಮೋಟಾರು ಹೊರಡಲಾರದೆ ಗುಂಯ್ಗುಡುತ್ತಾ ಹಲವು ಪಟ್ಟು ಹೆಚ್ಚಿನ ವಿದ್ಯುತ್ತನ್ನು ಸೆಳೆದು ಬಿಸಿಯಾಗುತ್ತದೆ. ಕಾವಲು ಸ್ವಿಚ್ಚು ಅದನ್ನು ಕಡಿದುಹಾಕುತ್ತದೆ. ತಣ್ಣಗಾದ ಮೇಲೆ ಮತ್ತೆ ಅದೇ ಪಾಡು. ಇಂಥ ಕಡೆ ತಕ್ಕ ಶಕ್ತಿಯ ಸ್ಟೆಬಿಲೈಸರ್ ಬೇಕು. ಇನ್ವರ್ಟರ್ ಎಂದು ಹೆಸರಾದ ಹೊಸ ಬಗೆಯ ಯಂತ್ರಗಳು ಬಂದ ವಿದ್ಯುತ್ತನ್ನು ಏಕಮುಖ ಮಾಡಿಕೊಂಡು ಮೋಟಾರನ್ನು ಮೆಲ್ಲಗೆ ಹೊರಡಿಸುವುದರಿಂದ ಕಡಮೆ ವೋಲ್ಟನ್ನು ಹೆಚ್ಚು ತಾಳುತ್ತವೆ; ಆದರೆ ಅವುಗಳ ಎಲೆಕ್ಟ್ರಾನಿಕ್ ಹಲಗೆ ಸಿಡಿಲಿಗೆ ಅಂಜುತ್ತದೆ. ಏಪ್ರಿಲ್ ಮೇ ತಿಂಗಳ ಗುಡುಗುಮಳೆಯಲ್ಲಿ ಸ್ವಿಚ್ಚನ್ನಷ್ಟೇ ಅಲ್ಲ, ಯಂತ್ರದ ಪ್ರಧಾನ ಸಂಪರ್ಕವನ್ನೇ ಕಡಿದಿರಿಸಬೇಕು. ಹೋದ ಕರೆಂಟು ಬಂದ ತಕ್ಷಣ ಯಂತ್ರವನ್ನು ಚಾಲನೆ ಮಾಡುವುದೂ ತಪ್ಪು. ಎರಡು ಸುರುಳಿಗಳ ಒತ್ತಡಗಳು ಸಮನಾಗಲು ಮೂರು ನಿಮಿಷವಾದರೂ ಬೇಕು. ಅಷ್ಟರೊಳಗೆ ಹೊರಟ ಸಂಪೀಡಕವು ಬೆಟ್ಟದ ಏರಿನಲ್ಲಿ ನಿಂತ ಲಾರಿಯನ್ನು ನೂಕಿದಂತೆ ಒದ್ದಾಡುತ್ತದೆ. ಹಲವು ಯಂತ್ರಗಳು ಈ ಅವಧಿಯನ್ನು ತಾವೇ ಕಾಯುತ್ತವೆ. ಆ ಮೂರು ನಿಮಿಷಗಳನ್ನು ಯಂತ್ರ ಕೆಟ್ಟಿತೆಂದು ಬಗೆದು ಗುಂಡಿಯನ್ನು ಮತ್ತೆ ಮತ್ತೆ ಒತ್ತುವವರೂ ಇದ್ದಾರೆ.

ಯಂತ್ರದ ಆರೋಗ್ಯವನ್ನು ಅಳೆಯಲು ವಿದ್ಯಾರ್ಥಿಗಳು ಮಾಡಬಹುದಾದ ಒಂದು ಪ್ರಯೋಗವುಂಟು. ಎರಡು ಉಷ್ಣಮಾಪಕಗಳಲ್ಲಿ ಒಂದರ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಫ್ಯಾನಿನ ಗಾಳಿಯಲ್ಲಿ ಹಿಡಿಯಿರಿ. ಎರಡರ ಅಂತರದಿಂದ, ಭೌತಶಾಸ್ತ್ರದ ಪುಸ್ತಕಗಳಲ್ಲಿ ಕೊಟ್ಟಿರುವ ಕೋಷ್ಟಕವನ್ನು ನೋಡಿ ಸಾಪೇಕ್ಷ ಆರ್ದ್ರತೆಯನ್ನು ಕಂಡುಹಿಡಿಯಬಹುದು. ಹೊರಗಿನ ಕೊಳವೆಯ ಕೆಳಗೆ ಅಳತೆಯ ಪಾತ್ರೆಯನ್ನಿಟ್ಟು ಒಂದು ಗಂಟೆಯ ನೀರನ್ನು ಹಿಡಿಯಿರಿ. ೮೦೦ ಮಿಲಿಲೀಟರ್ ಸಿಕ್ಕಿತೆನ್ನೋಣ. ೮೦೦ನ್ನು ೨,೪೫೦ರಿಂದ ಗುಣಿಸಿ ೩,೬೦೦ ಸೆಕೆಂಡುಗಳಿಂದ ಭಾಗಿಸಿದರೆ ಸುಮಾರು ೫೪೦ ವ್ಯಾಟ್. ಒಂದು ಟನ್ನಿನ ಯಂತ್ರದ ಆರನೆಯ ಒಂದು ಪಾಲು ಶಕ್ತಿ ತೇವಕ್ಕೇ ವ್ಯಯವಾಯಿತು. ಒಳ್ಳೆಯ ಸ್ಥಿತಿಯಲ್ಲಿರುವಾಗಲೇ ಇದನ್ನೊಮ್ಮೆ ಅಳೆದು ಬರೆದಿಟ್ಟರೆ, ಮುಂದಿನ ವರ್ಷ ಅದೇ ಆರ್ದ್ರತೆ ಉಷ್ಣತೆಗಳಲ್ಲಿ ನೀರು ಅರ್ಧಕ್ಕಿಳಿದಾಗ ಜಾಲರಿಯನ್ನೋ ಶೀತಕವನ್ನೋ ಪರೀಕ್ಷಿಸಬೇಕೆಂದು ಗೊತ್ತಾಗುತ್ತದೆ.

ಈ ನೀರು ಬಟ್ಟಿ ಇಳಿಸಿದ ನೀರೇ ಅಲ್ಲವೆ, ಬ್ಯಾಟರಿಗೆ ಹಾಕಬಹುದಲ್ಲವೆ ಎಂದು ತರಗತಿಯಲ್ಲಿ ಕೇಳುವುದುಂಟು. ಆವಿಯಾಗಿದ್ದಾಗ ಅದು ಶುದ್ಧವೇ. ಆದರೆ ಸುರುಳಿಯ ಮೇಲಿನ ಧೂಳನ್ನೂ, ಲೋಹದ ಲವಲೇಶವನ್ನೂ, ಬೂಷ್ಟನ್ನೂ ತೊಳೆದುಕೊಂಡು ಬಂದಿರುತ್ತದೆ. ಬ್ಯಾಟರಿಗೂ ಬೇಡ, ಕುಡಿಯಲಂತೂ ಬೇಡ; ಅಂಗಳದ ಗಿಡಗಳಿಗೆ ಹಾಕಲು ಅಡ್ಡಿಯಿಲ್ಲ.